ಸಾಕು ಎನ್ನದ ಮೆದುಳು



ಕೊಪ್ಪಳದ ಗವಿಮಠದ ಜಾತ್ರೆಯ ಮಹಾದಾಸೋಹದಲ್ಲಿ ಕುಳಿತವರು ಮಿರ್ಚಿ ಭಜ್ಜಿಯ ಲೆಕ್ಕ ಇಡುವುದಿಲ್ಲ. ಹಳ್ಳಿ ಹಳ್ಳಿಗಳಿಂದ ಟ್ರ್ಯಾಕ್ಟರುಗಳಲ್ಲಿ ಜೋಳದ ರೊಟ್ಟಿ ಬರುತ್ತದೆ, ಬಡಿಸುವವರು ಇನ್ನೊಂದು ಹಾಕಿಸಿಕೊಳ್ಳಿ ಎಂದು ಒತ್ತಾಯಿಸುತ್ತಾರೆ. ಪಂಕ್ತಿಯಿಂದ ಎದ್ದವರ ಹೊಟ್ಟೆ ಭಾರ, ಮನಸ್ಸು ಹಗುರ. ಅದು ಕಾಯಿಲೆಯಲ್ಲ.

ಕಾಯಿಲೆಯ ಲಕ್ಷಣವೇ ಬೇರೆ. ಹಸಿವಿಲ್ಲದಿದ್ದರೂ, ಬೇಡವೆಂದುಕೊಂಡರೂ ಕೈ ನಿಲ್ಲುವುದಿಲ್ಲ. ಯಾರೂ ನೋಡದ ಹೊತ್ತಿನಲ್ಲಿ, ಒಬ್ಬರೇ, ಹೊಟ್ಟೆ ನೋಯುವ ತನಕ ತಿನ್ನುತ್ತಾರೆ. ಆಮೇಲೆ ತಮ್ಮ ಬಗ್ಗೆ ತಮಗೇ ಹೇಸಿಗೆ. ವಾರಕ್ಕೊಮ್ಮೆಯಾದರೂ ಹೀಗಾಗುತ್ತ ಮೂರು ತಿಂಗಳು ಕಳೆದರೆ ವೈದ್ಯರು ಅದನ್ನು ಬಿಂಜ್ ಈಟಿಂಗ್ ಕಾಯಿಲೆ ಎಂದು ಗುರುತಿಸುತ್ತಾರೆ. ಅಮೆರಿಕದ ಮನೋವೈದ್ಯರ ಸಂಘ ತನ್ನ ಕೈಪಿಡಿಯಲ್ಲಿ ಇದನ್ನು ಪ್ರತ್ಯೇಕ ಕಾಯಿಲೆಯಾಗಿ ಸೇರಿಸಿದ್ದು 2013ರಲ್ಲಿ. ಮನೆಗಳಲ್ಲಿ ಮಾತ್ರ ಇದಕ್ಕೆ ಇನ್ನೂ ಹೊಟ್ಟೆಬಾಕತನವೆಂಬ ಬೈಗುಳವೇ ಹೆಸರು. ಆ ಬೈಗುಳ ನಿಲ್ಲಬೇಕು.

ಹೀಗೆ ತಿನ್ನುವುದಕ್ಕೆ ಒತ್ತಡವೂ ಕಾರಣವಾಗಬಲ್ಲದು. ಕುಷ್ಟಗಿ, ಯಲಬುರ್ಗಾದಂಥ ತಾಲ್ಲೂಕುಗಳ ಎಷ್ಟೋ ಪದವೀಧರರು ಸ್ಪರ್ಧಾತ್ಮಕ ಪರೀಕ್ಷೆಗಾಗಿ ಧಾರವಾಡದ ಬಾಡಿಗೆ ಕೋಣೆ ಸೇರುತ್ತಾರೆ. ಗಂಗಾವತಿಯ ಭತ್ತದ ಸೀಮೆಯ ರೈತರ ಮಕ್ಕಳೂ ಅಲ್ಲಿರುತ್ತಾರೆ. ಪರೀಕ್ಷೆ ಮುಂದಕ್ಕೆ ಹೋಗುತ್ತದೆ, ಮನೆಯಿಂದ ಫೋನು ಬರುತ್ತದೆ. ಒತ್ತಡದ ಮೊದಲ ಗಳಿಗೆಯಲ್ಲಿ ಅಡ್ರಿನಾಲಿನ್ ಎಂಬ ಹಾರ್ಮೋನು ಹಸಿವನ್ನು ಅಡಗಿಸುತ್ತದೆ. ಒತ್ತಡ ತಳವೂರಿದರೆ ಕಾರ್ಟಿಸಾಲ್ ಹಾರ್ಮೋನು ಏರುತ್ತದೆ, ಸಿಹಿ ಮತ್ತು ಕರಿದ ತಿಂಡಿಗೆ ಮನಸ್ಸು ಹಾತೊರೆಯುತ್ತದೆ.

ಸಿಡ್ನಿಯ ಗಾರ್ವನ್ ಸಂಸ್ಥೆ 2023ರಲ್ಲಿ ಇಲಿಗಳಲ್ಲಿ ಕಂಡದ್ದು ಇನ್ನೂ ಸ್ಪಷ್ಟ. ಕೊಬ್ಬಿನ ಆಹಾರ ತಿನ್ನುತ್ತ ಹೋದಂತೆ ಮೆದುಳಿನ ಲ್ಯಾಟರಲ್ ಹ್ಯಾಬೆನುಲಾ ಎಂಬ ಭಾಗ ಚುರುಕಾಗಿ, ತಿನ್ನುವ ಸುಖಕ್ಕೆ ಕಡಿವಾಣ ಹಾಕುತ್ತದೆ. ದೀರ್ಘ ಒತ್ತಡದಲ್ಲಿದ್ದ ಇಲಿಗಳಲ್ಲಿ ಆ ಭಾಗ ಸುಮ್ಮನೇ ಇತ್ತು. ಕೃತಕ ಸಿಹಿಯ ನೀರನ್ನು ಅವು, ಅದೇ ಆಹಾರ ತಿಂದು ಒತ್ತಡವಿಲ್ಲದೆ ಇದ್ದ ಇಲಿಗಳಿಗಿಂತ ಮೂರು ಪಟ್ಟು ಕುಡಿದವು. ಆ ನೀರಿನಲ್ಲಿ ಶಕ್ತಿಯೇ ಇರಲಿಲ್ಲ. ಅವುಗಳಿಗೆ ಬೇಕಿದ್ದದ್ದು ಸಿಹಿಯ ಸುಖ ಮಾತ್ರ.

ಮನುಷ್ಯರ ವಿಷಯ ಇಷ್ಟು ನೇರವಲ್ಲ. ಬುಲಿಮಿಯಾ, ಅನೊರೆಕ್ಸಿಯಾ ಎಂಬ ಆಹಾರ ಸಂಬಂಧಿ ಕಾಯಿಲೆಗಳಿದ್ದ ಮಹಿಳೆಯರನ್ನು ಕೇಂಬ್ರಿಡ್ಜ್ ಸಂಶೋಧಕರು ಒತ್ತಡಕ್ಕೆ ಒಳಪಡಿಸಿ ಮೆದುಳಿನ ಚಿತ್ರ ತೆಗೆದರು. 2021ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ, ನಿಗ್ರಹಕ್ಕೆ ಸಂಬಂಧಿಸಿದ ಭಾಗದ ಚಟುವಟಿಕೆ ಏರುಪೇರಾಯಿತು. ಆದರೂ ಊಟ ಮುಂದಿಟ್ಟಾಗ ಅವರು ಹೆಚ್ಚು ತಿನ್ನಲಿಲ್ಲ. ಮನೋಬಲ ಸಾಲದು ಎಂದು ಹಂಗಿಸುವವರು ಈ ಫಲಿತಾಂಶವನ್ನು ಓದಬೇಕು.

ಉಪವಾಸದ ಪಾತ್ರವೂ ದೊಡ್ಡದು. 1944-45ರ ಮಿನ್ನೆಸೋಟಾ ಪ್ರಯೋಗದಲ್ಲಿ 36 ಆರೋಗ್ಯವಂತ ಯುವಕರನ್ನು ತಿಂಗಳುಗಟ್ಟಲೆ ಅರೆಹೊಟ್ಟೆಯಲ್ಲಿ ಇರಿಸಲಾಯಿತು. ಮತ್ತೆ ಊಟ ಸಿಕ್ಕಾಗ ಕೆಲವರಿಗೆ ಎಷ್ಟು ತಿಂದರೂ ತೃಪ್ತಿಯೇ ಆಗಲಿಲ್ಲ. ಹಗಲೆಲ್ಲ ಚಹಾದಲ್ಲೇ ದೂಡಿ ರಾತ್ರಿ ತಿಂಡಿಯ ಪೊಟ್ಟಣ ಬಿಚ್ಚುವ ವಿದ್ಯಾರ್ಥಿಗೆ ಮೊದಲು ಬೇಕಾದದ್ದು ಹೊತ್ತಿಗೆ ಸರಿಯಾದ ರೊಟ್ಟಿ, ಪಲ್ಯ.

ಅದರಿಂದಲೂ ಹತೋಟಿಗೆ ಬಾರದಿದ್ದರೆ ಮನೋವೈದ್ಯರನ್ನು ಕಾಣಬೇಕು. ಮಾತಿನ ಚಿಕಿತ್ಸೆಯಿಂದ ಹಲವರಲ್ಲಿ ಬಿಂಜ್ ಈಟಿಂಗ್ ಕಾಯಿಲೆ ಹಿಡಿತಕ್ಕೆ ಬರುತ್ತದೆ. 2022ರ ಅಕ್ಟೋಬರ್‌ನಲ್ಲಿ ಆರಂಭವಾದ ಟೆಲಿ ಮಾನಸ್ ಸಹಾಯವಾಣಿಯ ಸಂಖ್ಯೆ 14416. ಹಗಲು ರಾತ್ರಿ ಯಾವ ಹೊತ್ತಿನಲ್ಲಾದರೂ ಕನ್ನಡದಲ್ಲೇ, ಉಚಿತವಾಗಿ ಮಾತಾಡಬಹುದು.