ಪ್ರೀ-ಆರ್ಡರ್ ಹಣ: ಅದೂ ಸಾಲವೇ

(ಜುಮಾ ಭಾಷಣದ ಸಾರ)

ಸರ್ವಸ್ತುತಿ ಅಲ್ಲಾಹನಿಗೆ. ಪ್ರವಾದಿ ಮುಹಮ್ಮದ್(ಸ)ರ ಮೇಲೆ, ಅವರ ಕುಟುಂಬದ ಮೇಲೆ, ಸಂಗಾತಿಗಳ ಮೇಲೆ ಅಲ್ಲಾಹನ ಕರುಣೆ ಮತ್ತು ಶಾಂತಿ ಇರಲಿ.

ಪ್ರೀತಿಯ ಸಹೋದರರೇ,

ಕಳೆದ ತಿಂಗಳು ಒಂದು ದಿನ ಮಗ್ರಿಬ್ ನಮಾಝ್ ಮುಗಿದ ಮೇಲೂ ಒಬ್ಬ ಹುಡುಗ ಕೊನೆಯ ಸಫ್‌ನಲ್ಲಿ ಕುಳಿತೇ ಇದ್ದ. ಕಾರ್ಕಳ ಕಡೆಯವನು, ಮಣಿಪಾಲದಲ್ಲಿ ಓದುತ್ತಾನೆ. "ಏನು ಮೋನೇ?" ಎಂದು ಕೇಳಿದೆ. "ಉಸ್ತಾದ್, ಒಬ್ಬರು ನನ್ನ ದುಡ್ಡು ಕೊಡುತ್ತಿಲ್ಲ" ಎಂದ. ಎಷ್ಟು ದುಡ್ಡು? ಎಂಟು ಸಾವಿರ. ಯಾವುದಕ್ಕೆ ಕೊಟ್ಟದ್ದು? ಆಟಿಕೆ ಕಾರಿಗೆ.

ನನಗೆ ನಗು ಬಂತು. ಅವನು ತಲೆ ತಗ್ಗಿಸಿದ. ಆಗ ನನ್ನ ತಪ್ಪು ನನಗೆ ಗೊತ್ತಾಯಿತು. ಹಝ್ರತ್ ಆಯಿಶಾ(ರ)ರ ಆಟಿಕೆಗಳ ನಡುವೆ ಎರಡು ರೆಕ್ಕೆಗಳಿದ್ದ ಒಂದು ಪುಟ್ಟ ಕುದುರೆಯಿತ್ತು. ಪ್ರವಾದಿ(ಸ)ರು ಅದನ್ನು ಕಂಡು, ಕುದುರೆಗೂ ರೆಕ್ಕೆಯಿರುತ್ತದೆಯೇ ಎಂದು ವಿಚಾರಿಸಿದರು. ಸುಲೈಮಾನ್(ಅ)ರ ಕುದುರೆಗಳಿಗೆ ರೆಕ್ಕೆಗಳಿದ್ದುವಲ್ಲವೇ ಎಂದು ಅವರು ಉತ್ತರಿಸಿದಾಗ ಪ್ರವಾದಿ(ಸ)ರು ಮನಸಾರೆ ನಕ್ಕರು. ಅಬೂದಾವೂದ್‌ನ ಹದೀಸ್‌ನಲ್ಲಿ ಈ ಪ್ರಸಂಗವಿದೆ. ಅದು ಪ್ರೀತಿಯ ನಗು. ನನ್ನದು ಹಾಗಿರಲಿಲ್ಲ. ಹುಡುಗನ ಹತ್ತಿರ ಕ್ಷಮೆ ಕೇಳಿ, ಪೂರ್ತಿ ಹೇಳು ಎಂದೆ.

ಹಿರಿಯರಿಗೆ ಈ ಹವ್ಯಾಸ ಗೊತ್ತಿರಲಿಕ್ಕಿಲ್ಲ. ನಿಜವಾದ ಕಾರನ್ನು 64 ಪಾಲು ಕಿರಿದು ಮಾಡಿದ ಲೋಹದ ಮಾದರಿಗಳಿವು. ಡೈಕಾಸ್ಟ್ ಎನ್ನುತ್ತಾರೆ. ಹಾಟ್ ವೀಲ್ಸ್ ಕಾರುಗಳು 1968ರಿಂದಲೇ ಇವೆ, ಅಂಗಡಿಯಲ್ಲಿ ನೂರಿನ್ನೂರು ರೂಪಾಯಿಗೆ ಸಿಗುತ್ತವೆ. ಆದರೆ ಕೆಲವು ಮಾದರಿಗಳು ಕಡಿಮೆ ಸಂಖ್ಯೆಯಲ್ಲಿ ಬರುತ್ತವೆ. ಅವುಗಳಿಗೆ ಬೆಲೆ ಏರುತ್ತದೆ. ಅದಕ್ಕಾಗಿ ವಾಟ್ಸ್ಆಪ್, ಇನ್‌ಸ್ಟಾಗ್ರಾಮ್‌ನಲ್ಲಿ ವ್ಯಾಪಾರಿಗಳಿದ್ದಾರೆ. ಕಾರು ಇನ್ನೂ ದೇಶಕ್ಕೆ ಬಂದಿರುವುದಿಲ್ಲ, ಫೋಟೋ ಮಾತ್ರ ಬಂದಿರುತ್ತದೆ. ಮುಂಗಡ ಕೊಟ್ಟು ಕಾಯಬೇಕು. ಇದೇ ಪ್ರೀ-ಆರ್ಡರ್.

ಈ ಹುಡುಗ ತನಗೆ ಒಂದು, ಹಾಸ್ಟೆಲಿನ ನಾಲ್ವರು ಗೆಳೆಯರಿಗೆ ನಾಲ್ಕು, ಒಟ್ಟು ಐದು ಕಾರಿಗೆ ತಲಾ 1,600 ರೂಪಾಯಿಯಂತೆ ಕಳುಹಿಸಿದ್ದ. ಮೂರು ತಿಂಗಳ ಮಾತು. ಏಳು ತಿಂಗಳಾಗಿತ್ತು. ಮೊದಲು "ಶಿಪ್‌ಮೆಂಟ್ ತಡ" ಎಂಬ ಉತ್ತರ, ನಂತರ ನೀಲಿ ಗೆರೆ ಮಾತ್ರ, ಕೊನೆಗೆ ಅದೂ ಇಲ್ಲ. ಗೆಳೆಯರು ಬೇರೆ ಧರ್ಮದವರು. ಅವರು ಜೋರು ಮಾಡಿಲ್ಲ. ಆದರೆ ಒಬ್ಬ ಹೇಳಿದನಂತೆ, ನಿಮ್ಮವರೇ ಎಂದು ನೀನು ಭರವಸೆ ಕೊಟ್ಟದ್ದಕ್ಕೆ ನಾವು ದುಡ್ಡು ಹಾಕಿದ್ದು ಎಂದು. ಹುಡುಗ ಮೆಸ್ಸಿಗೆ ಹೋಗುವ ಹೊತ್ತು ಬದಲಾಯಿಸಿಕೊಂಡಿದ್ದ, ಅವರ ಮುಖ ನೋಡಲಾಗದೆ.

ಸಹೋದರರೇ, ಮಕ್ಕಾದಿಂದ ಹಿಜ್ರಾ ಹೊರಟ ರಾತ್ರಿ ಪ್ರವಾದಿ(ಸ)ರು ಹಝ್ರತ್ ಅಲೀ(ರ)ರನ್ನು ಹಿಂದೆ ಬಿಟ್ಟದ್ದು ಜನರ ಅಮಾನತುಗಳನ್ನು ಮರಳಿಸುವುದಕ್ಕೆ. ಆ ಜನರಲ್ಲಿ ಅವರನ್ನು ವಿರೋಧಿಸಿದವರೂ ಇದ್ದರು. ನಮ್ಮ ಒಬ್ಬ ವ್ಯಾಪಾರಿ ನಾಲ್ಕು ಮಕ್ಕಳ ಮುಂದೆ ಏನು ಸಾಕ್ಷ್ಯ ನುಡಿದ?

ವಿಚಾರಿಸಿದಾಗ ವ್ಯಾಪಾರಿ ಕಾಪು ಕಡೆಯ ಯುವಕ, ಅವನ ತಂದೆ ನನಗೆ ಪರಿಚಿತರು ಎಂದು ತಿಳಿಯಿತು. ಇಬ್ಬರ ಒಪ್ಪಿಗೆ ಪಡೆದೇ, ಹೆಸರಿಲ್ಲದೆ, ಇದನ್ನು ಇಲ್ಲಿ ಹೇಳುತ್ತಿದ್ದೇನೆ. ನಾನು ಕಾಪುವಿಗೆ ಹೋದೆ. ಐದು ಹೊತ್ತಿನ ನಮಾಝ್ ಬಿಡದ ಹುಡುಗ. "ಉಸ್ತಾದ್, ನಾನು ಮೋಸ ಮಾಡಿಲ್ಲ, ತಡವಾಗಿದೆ ಅಷ್ಟೇ" ಎಂದ. ಲೆಕ್ಕ ಬರೆಯೋಣ ಎಂದು ಕಾಗದ ತೆಗೆದೆ. ಆಮದು ಮಾಡುವವರು ಅವನಿಗೆ ಹೇಳಿದ್ದಕ್ಕಿಂತ ಕಡಿಮೆ ಕಾರು ಕೊಟ್ಟಿದ್ದರು. ಇವನು ಅದನ್ನು ಯಾರಿಗೂ ತಿಳಿಸದೆ, ಹೊಸಬರ ಮುಂಗಡದಿಂದ ಹಳಬರ ಕಾರು ತರಿಸಿದ್ದ. ಹೊಸಬರಿಗೆ ಕೊಡಲು ಮತ್ತೂ ಹೊಸಬರು. ಬರೆದು ಮುಗಿಸಿದಾಗ 14 ಹೆಸರು, 41,200 ರೂಪಾಯಿ. ಅವನೂ ಆ ಮೊತ್ತವನ್ನು ಅಂದೇ ಮೊದಲ ಬಾರಿಗೆ ನೋಡಿದ್ದು.

ಮುಂಗಡ ವ್ಯಾಪಾರ ಇಸ್ಲಾಮಿಗೆ ಹೊಸದಲ್ಲ. ಪ್ರವಾದಿ(ಸ)ರು ಮದೀನಾಕ್ಕೆ ಬಂದಾಗ ಅಲ್ಲಿನವರು ಒಂದೆರಡು ವರ್ಷ ಮುಂಚಿತವಾಗಿ ಹಣ ಕೊಟ್ಟು ಖರ್ಜೂರ ಕೊಳ್ಳುತ್ತಿದ್ದರು. ಅದನ್ನು ಅವರು ನಿಲ್ಲಿಸಲಿಲ್ಲ. ಅಳತೆ, ತೂಕ, ಅವಧಿ ಮೂರೂ ನಿಶ್ಚಿತವಾಗಿರಬೇಕೆಂದು ವಿಧಿಸಿದರು. ಫಿಕ್ಹ್‌ನಲ್ಲಿ ಇದಕ್ಕೆ ಸಲಮ್ ಎನ್ನುತ್ತಾರೆ. ಇಮಾಂ ನವವಿ(ರ)ರ ಮಿನ್‌ಹಾಜ್‌ನಲ್ಲಿ ಇನ್ನೊಂದು ಸೂಕ್ಷ್ಮ ವಿಷಯವಿದೆ. ಸಿಗುವುದೇ ಅಪರೂಪವಾದ ವಸ್ತುವಿಗೆ ಸಲಮ್ ಸಲ್ಲದು. ಅಲ್ಲಿ ಕೊಟ್ಟ ಉದಾಹರಣೆ ದೊಡ್ಡ ಮುತ್ತುಗಳು. ಯಾಕೆ? ಅವಧಿಗೆ ಸರಿಯಾಗಿ ಅದನ್ನು ತಂದುಕೊಡುತ್ತೇನೆ ಎಂದು ಯಾರೂ ಖಾತ್ರಿಯಾಗಿ ಹೇಳಲಾರರು. ಸಾವಿರ ಪೆಟ್ಟಿಗೆಯಲ್ಲಿ ಎಲ್ಲೋ ಒಂದರಲ್ಲಿರುವ ಅಪರೂಪದ ಕಾರಿಗೆ ಮುಂಗಡ ಪಡೆಯುವವರು ಈ ಮುತ್ತಿನ ಮಾತನ್ನು ನೆನಪಿಡಬೇಕು. ಕಾರು ಕೈಗೆ ಬಂದ ಮೇಲೆ ಮಾರಲಿ, ತೊಂದರೆಯಿಲ್ಲ.

ಇನ್ನು "ತಡ ಅಷ್ಟೇ" ಎಂಬ ಮಾತು. ಹೇಳಿದ ದಿನಕ್ಕೆ ವಸ್ತು ಕೊಡಲಾಗದಿದ್ದರೆ ಕಾಯುವುದೋ, ಹಣ ಹಿಂದೆ ಪಡೆಯುವುದೋ ಎಂದು ತೀರ್ಮಾನಿಸುವ ಹಕ್ಕು ಕೊಂಡವನದು. ಮಾರಿದವನದಲ್ಲ. ಸುಮ್ಮನಿದ್ದು ಅವನನ್ನು ಕಾಯಿಸಿದರೆ ಆ ಹಕ್ಕನ್ನು ಕಸಿದುಕೊಂಡಂತೆ. ಅಲ್ಲಿಯವರೆಗೆ ಅದು ನಮ್ಮ ಕುತ್ತಿಗೆಯ ಮೇಲಿರುವ ಸಾಲ. ಒಂದು ಜನಾಝಾ ಬಂದಾಗ, ಮೃತನಿಗೆ ಸಾಲವಿದೆಯೇ ಎಂದು ಪ್ರವಾದಿ(ಸ)ರು ಕೇಳಿದರು. ಮೂರು ದೀನಾರ್ ಇತ್ತು. ಅಬೂ ಕತಾದಾ(ರ)ರು ಅದನ್ನು ತಾನು ತೀರಿಸುತ್ತೇನೆ ಎಂದು ಹೊಣೆ ಹೊತ್ತ ಮೇಲೆಯೇ ಅವರು ನಮಾಝ್‌ಗೆ ನಿಂತರು. ಕೇವಲ ಮೂರು ದೀನಾರ್.

ಮಾಲಿನ ವಿಷಯವೂ ಇದೆ. ಮಲ್ಪೆಯಲ್ಲಿ ಬುಟ್ಟಿಯ ಮೇಲೆ ದೊಡ್ಡ ಬಂಗುಡೆ ಇಟ್ಟು ಅಡಿಯಲ್ಲಿ ಸಣ್ಣದು ತುಂಬಿದರೆ ನಾವು ಸುಮ್ಮನಿರುತ್ತೇವೆಯೇ? ಪ್ರವಾದಿ(ಸ)ರು ಮಾರುಕಟ್ಟೆಯಲ್ಲಿ ಧಾನ್ಯದ ರಾಶಿಯೊಳಗೆ ಕೈ ಹಾಕಿದಾಗ ಒಳಗೆ ಒದ್ದೆಯಿತ್ತು. ಮಳೆಯಿಂದ ನೆನೆದದ್ದು ಎಂದ ವ್ಯಾಪಾರಿಗೆ, ಹಾಗಿದ್ದರೆ ಅದನ್ನು ಜನರಿಗೆ ಕಾಣುವಂತೆ ಮೇಲೆ ಇಡಬೇಕಿತ್ತೆಂದು ತಿಳಿಸಿದರು. ಪೆಟ್ಟಿಗೆ ಮುದುಡಿದ್ದರೆ, ಬಣ್ಣ ಕಿತ್ತಿದ್ದರೆ, ನಕಲಿಯಾಗಿದ್ದರೆ ಆ ಫೋಟೋವನ್ನೇ ಮೊದಲು ಹಾಕಬೇಕು.

ಕೊಳ್ಳುವವರಿಗೂ ಮಾತಿದೆ. ಅಲ್‌ಮುತಫ್ಫಿಫೀನ್ ಅಧ್ಯಾಯ ಎಚ್ಚರಿಸುವುದು ತಾನು ಪಡೆಯುವಾಗ ಪೂರ್ತಿ ಪಡೆದು, ಕೊಡುವಾಗ ಕಡಿಮೆ ಮಾಡುವವರನ್ನು. ಬೆಲೆ ಇಳಿಯಿತೆಂದು ಒಪ್ಪಿದ ಆರ್ಡರ್ ಬಿಟ್ಟು ಓಡುವುದು, ಸರಿಯಾದ ವಸ್ತುವನ್ನು ಒಡೆದಿದೆ ಎಂದು ಸುಳ್ಳು ಹೇಳಿ ಹಣ ಕೇಳುವುದು ಇದೇ ಸಾಲಿಗೆ ಸೇರುತ್ತದೆ.

ಹಣ ಹಾಕುವ ಮೊದಲು ವ್ಯಾಪಾರಿಯ ನಿಜ ಹೆಸರು, ವಿಳಾಸ, ಹಿಂದೆ ಕೊಂಡವರ ಅನುಭವ ತಿಳಿದುಕೊಳ್ಳಿ. ಯಾವ ಮಾದರಿ, ಎಷ್ಟು ಬೆಲೆ, ಯಾವ ದಿನಾಂಕ, ಬಾರದಿದ್ದರೆ ಏನು ಎಂಬುದನ್ನು ಬರಹದಲ್ಲಿ ಪಡೆಯಿರಿ. ಸಾಲದ ವ್ಯವಹಾರವನ್ನು ಬರೆದಿಡಲು ಹೇಳಿದ್ದು ಕುರ್‌ಆನಿನ ಅತಿ ದೀರ್ಘ ವಚನ, ಅಲ್‌ಬಕರಾದ 282ನೆಯದು. ಪಾರ್ಸೆಲ್ ಬಿಚ್ಚುವಾಗ ವೀಡಿಯೋ ಮಾಡಿ. ಮೋಸ ಎಂದು ಖಚಿತವಾದರೆ ತಡಮಾಡದೆ 1930ಕ್ಕೆ ಕರೆ ಮಾಡಿ. ವ್ಯಾಪಾರದ ದೂರಿಗೆ ಗ್ರಾಹಕ ಸಹಾಯವಾಣಿ 1915 ಇದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಂತೆ ವ್ಯಾಪಾರಿ ಯಾವ ಊರಲ್ಲಿದ್ದರೂ ನೀವು ನಿಮ್ಮ ಜಿಲ್ಲೆಯ ಆಯೋಗದಲ್ಲೇ ದೂರು ಕೊಡಬಹುದು. ಹಕ್ಕು ಕೇಳುವುದು, ಇತರರನ್ನು ಎಚ್ಚರಿಸುವುದು ಗೀಬತ್ ಅಲ್ಲ. ಆದರೆ ವಿಚಾರಿಸದೆ ಗ್ರೂಪಿನಲ್ಲಿ ಒಬ್ಬನ ಫೋಟೋ ಹಾಕಿ ಕಳ್ಳ ಎನ್ನುವುದು ಬೇರೆ.

ಕಾಪುವಿನ ಆ ಯುವಕ ಅದೇ ರಾತ್ರಿ 14 ಮಂದಿಗೂ ಸಂದೇಶ ಕಳುಹಿಸಿದ. ಕಾರು ಬರುವುದಿಲ್ಲ, ತಪ್ಪು ನನ್ನದು, ಹಣ ಈ ದಿನಾಂಕದೊಳಗೆ ಕೊಡುತ್ತೇನೆ ಎಂದು. ತನ್ನ ಸ್ವಂತ ಸಂಗ್ರಹವನ್ನು ಮಾರಿದ. ಒಂಬತ್ತು ಮಂದಿಗೆ ಹಣ ಮುಟ್ಟಿದೆ. ಹಾಸ್ಟೆಲಿನ ಮಕ್ಕಳಿಗೆ ಮೊದಲು ಮುಟ್ಟಿತು. ಐದು ಮಂದಿಗೆ ಇನ್ನೂ ಬಾಕಿ ಇದೆ, ಅವನಿಗಾಗಿ ದುಆ ಮಾಡಿ. ಹೊಸ ಆರ್ಡರ್ ಈಗ ತೆಗೆದುಕೊಳ್ಳುತ್ತಿಲ್ಲ.

ಇಂದು ಮನೆಗೆ ಹೋಗಿ ನೀವೂ ಒಮ್ಮೆ ಮೊಬೈಲ್ ತೆರೆದು ನೋಡಿ. ಉತ್ತರಿಸದೆ ಬಿಟ್ಟ ಸಂದೇಶಗಳಲ್ಲಿ ತನ್ನ ಹಣ ಕೇಳುತ್ತಿರುವವನು ಯಾರಾದರೂ ಇದ್ದಾನೆಯೇ? ಇದ್ದರೆ ಅಸ್ರ್‌ಗೆ ಮುಂಚೆ ಉತ್ತರ ಕೊಡಿ.

ಅಲ್ಲಾಹನು ನಮ್ಮ ಸಂಪಾದನೆಯನ್ನು ಹಲಾಲ್ ಆಗಿಸಲಿ, ಅದರಲ್ಲಿ ಬರ್ಕತ್ ನೀಡಲಿ. ಇನ್ನೊಬ್ಬರ ಹಕ್ಕು ಹೊತ್ತುಕೊಂಡು ಅವನ ಮುಂದೆ ನಿಲ್ಲುವ ಸ್ಥಿತಿಯಿಂದ ನಮ್ಮನ್ನು ಕಾಪಾಡಲಿ. ಆಮೀನ್.