ಸುಸ್ಥಿತಿಯಲ್ಲಿರುವ ಹಳೆಯ ಕಾರು



ಬಳಸಿದಷ್ಟೂ ಬೆಲೆ ಕುಗ್ಗುವ ವಸ್ತುಗಳಲ್ಲಿ ಮೋಟಾರು ಕಾರಿಗೆ ಅಗ್ರಸ್ಥಾನವುಂಟು. ಇಪ್ಪತ್ತು ವರ್ಷ ಕಳೆದರೆ ಅದನ್ನು ಕೇಳುವವರೇ ವಿರಳ. ಆದರೆ ಐವತ್ತು ವರ್ಷ ದಾಟಿಯೂ ಓಡುತ್ತಿರುವ ಗಾಡಿಯ ಲೆಕ್ಕವೇ ಬೇರೆ. ಅದರ ಬೆಲೆ ಪುನಃ ಏರತೊಡಗುತ್ತದೆ. ಅಂತಹ ಗಾಡಿಯನ್ನು ಮಾರುವವನು ತಪ್ಪದೆ ಆಡುವ ಮಾತೊಂದಿದೆ: "ಸುಸ್ಥಿತಿಯಲ್ಲಿದೆ." ಈ ಮಾತಿನ ಅರ್ಥವೇನೆಂಬುದನ್ನು ನಾವು ಈ ದಿನ ಸ್ವಲ್ಪ ವಿಚಾರಮಾಡೋಣ.

ಬಂಟವಾಳದ ಬಿ.ಸಿ.ರೋಡಿನಲ್ಲಿ ಬ್ರಿಟನ್ನಿನ ಹಳೆಯ ದೂರಪ್ರಯಾಣದ ಕಾರೊಂದು ಮಾರಾಟಕ್ಕೆ ಬಂದಿದೆಯೆಂದು ಭಾವಿಸೋಣ. ಇಂತಹ ಕಾರುಗಳಿಗೆ ಇಟಲಿಯವರ ಮಾತಿನಿಂದ 'ಜಿ.ಟಿ.' ಎಂಬ ಹೆಸರು ಬಂದಿತು. ಇಬ್ಬರು ತಮ್ಮ ಪೆಟ್ಟಿಗೆಗಳೊಡನೆ, ಆಯಾಸವಿಲ್ಲದೆ, ವೇಗವಾಗಿ ನೂರಾರು ಮೈಲಿ ಹೋಗಬೇಕೆಂಬುದೇ ಇವುಗಳ ಉದ್ದೇಶ. 1952ರ ಬೆಂಟ್ಲಿ ಕಾಂಟಿನೆಂಟಲ್, 1963ರ ಆಸ್ಟನ್ ಮಾರ್ಟಿನ್ ಡಿ.ಬಿ.5 ಇವು ಸಿರಿವಂತರಿಗೆಂದು ಹುಟ್ಟಿದವು. ಆಬಿಂಗ್ಡನ್ ಊರಿನ ಕಾರ್ಖಾನೆಯಿಂದ 1965ರಲ್ಲಿ ಹೊರಬಂದ ಎಂ.ಜಿ.ಬಿ. ಜಿ.ಟಿ. ಮಧ್ಯಮವರ್ಗದವರಿಗೂ ಎಟುಕುವಂತಿತ್ತು. ನಮ್ಮ ಉದಾಹರಣೆಗೆ ಇದೇ ಇರಲಿ.

ಈ ಕಾರಿಗೆ ಬಿ.ಸಿ.ರೋಡು ಅನುಚಿತವಾದ ಸ್ಥಳವೇನೂ ಅಲ್ಲ. ಮಂಗಳೂರಿನಿಂದ ಬಂದ ದಾರಿ ಇಲ್ಲಿ ಕವಲೊಡೆದು, ಒಂದು ಶಿರಾಡಿ ಘಾಟಿಯ ಕಡೆಗೂ ಇನ್ನೊಂದು ಬೆಳ್ತಂಗಡಿಯ ಮೇಲಾಗಿ ಚಾರ್ಮಾಡಿಯ ಕಡೆಗೂ ಸಾಗುತ್ತದೆ. ಕೆನರಾ ಪಬ್ಲಿಕ್ ಕನ್ವೆಯನ್ಸ್ ಕಂಪೆನಿಯವರು 1914ರಲ್ಲಿ ಮಂಗಳೂರಿಗೂ ಬಂಟವಾಳಕ್ಕೂ ಮೋಟಾರು ಬಸ್ಸನ್ನು ಓಡಿಸತೊಡಗಿದ್ದರು. ಧರ್ಮಸ್ಥಳದಲ್ಲಿ ಹಳೆಯ ಕಾರುಗಳ ಸಂಗ್ರಹವೊಂದನ್ನು ಯಾತ್ರಿಕರು ಇಂದಿಗೂ ನೋಡಬಹುದು. ಅಷ್ಟೇ ಅಲ್ಲ: ಎಂ.ಜಿ.ಬಿ.ಯ 1798 ಘನ ಸೆಂಟಿಮೀಟರಿನ ಎಂಜಿನೂ, ನಮ್ಮ ಅಂಬಾಸಡರ್ ಕಾರಿನಲ್ಲಿ ದಶಕಗಳ ಕಾಲ ದುಡಿದ 1489 ಘನ ಸೆಂಟಿಮೀಟರಿನ ಎಂಜಿನೂ ಒಂದೇ ಬ್ರಿಟಿಷ್ ಮನೆತನದವು. ಅಂಬಾಸಡರ್ ಟ್ಯಾಕ್ಸಿಗಳನ್ನು ಬಿಚ್ಚಿ ಜೋಡಿಸಿ ಪಳಗಿದ ಮೇಸ್ತ್ರಿಗೆ ಈ ವಿದೇಶೀಯ ಅತಿಥಿ ಪೂರ್ತಿ ಅಪರಿಚಿತನಲ್ಲ. ಆದರೆ ಅಂಬಾಸಡರಿನ ತಯಾರಿಕೆ 2014ರಲ್ಲಿ ನಿಂತುಹೋಯಿತು. ಆ ಕೈಗಳಿಗೂ ವಯಸ್ಸಾಗುತ್ತಿದೆ.

ಇನ್ನು ಸುಸ್ಥಿತಿಯ ಮಾತು. ಹೊಳೆಯುವ ಬಣ್ಣ ಅದರ ಪ್ರಮಾಣವಲ್ಲ. ಬಣ್ಣವನ್ನು ಹದಿನೈದು ದಿನಗಳಲ್ಲಿ ಬಳಿಯಬಹುದು. ಈ ಕಾರಿಗೆ ಪ್ರತ್ಯೇಕವಾದ ಚಾಸಿ ಇಲ್ಲ. ಬಾಗಿಲುಗಳ ಕೆಳಗೆ ಉದ್ದಕ್ಕೂ ಹಾಯ್ದಿರುವ ತಗಡಿನ ಪೆಟ್ಟಿಗೆಗಳೇ ಅದರ ಬೆನ್ನೆಲುಬು. ಸಮುದ್ರದ ಉಪ್ಪುಗಾಳಿ, ನಾಲ್ಕು ತಿಂಗಳ ಮಳೆ ಎರಡೂ ಇರುವ ತುಳುನಾಡಿನಲ್ಲಿ ತುಕ್ಕು ಮೊದಲು ಅಲ್ಲಿಯೇ, ಅದೂ ಒಳಗಿನಿಂದಲೇ ಹುಟ್ಟುತ್ತದೆ. ಕೊಳ್ಳುವವನು ಒಂದು ಚಿಕ್ಕ ಅಯಸ್ಕಾಂತವನ್ನು ಜೇಬಿನಲ್ಲಿಟ್ಟುಕೊಂಡು ಹೋಗಲಿ. ತಗಡು ಅದನ್ನು ಹಿಡಿಯುತ್ತದೆ, ಪುಟ್ಟಿ ಹಿಡಿಯದು. ಮಳೆಗಾಲ ಮುಗಿದೊಡನೆ ಹೋಗಿ ನೋಡುವುದು ಇನ್ನೂ ಮೇಲು.

ಎಂಜಿನಿನ ವಿಷಯದಲ್ಲಿ ಕೇಳಬೇಕಾದ ಪ್ರಶ್ನೆಗಳು ಎರಡು. ನಮ್ಮ ದೇಶದಲ್ಲಿ ಸೀಸ ಬೆರೆತ ಪೆಟ್ರೋಲು 2000ದಲ್ಲಿ ನಿಂತಿತು. ಹಳೆಯ ಎಂಜಿನಿನ ವಾಲ್ವುಗಳು ಕೂಡುವ ಸ್ಥಾನ ಸವೆಯದಂತೆ ಕಾಯುತ್ತಿದ್ದುದು ಆ ಸೀಸವೇ. ಅಲ್ಲಿ ಗಟ್ಟಿ ಲೋಹದ ಬಳೆಗಳನ್ನು ಕೂಡಿಸಿದೆಯೆ? ಈಗಿನ ಪೆಟ್ರೋಲಿನಲ್ಲಿ ಬೆರೆಯುತ್ತಿರುವ ಎಥನಾಲು ನೀರನ್ನು ಹೀರುತ್ತದೆ, ಹಳೆಯ ರಬ್ಬರನ್ನು ಕೆಡಿಸುತ್ತದೆ. ಅದನ್ನು ತಡೆಯುವ ಕೊಳವೆಗಳನ್ನು ಹಾಕಿದೆಯೆ? ಮಾರುವವನು ಇವೆರಡಕ್ಕೂ ರಸೀದಿಗಳನ್ನು ತೋರಿಸಿದರೆ ಅವನ ಮಾತನ್ನು ನಂಬಬಹುದು.

ಕಾಗದಪತ್ರಗಳೂ ಗಾಡಿಯ ಅಂಗವೇ. ಎಂ.ಜಿ. ಕಾರ್ಖಾನೆಯ ದಾಖಲೆಗಳ ಆಧಾರದಿಂದ ಗಾಡಿ ತಯಾರಾದ ದಿನ, ಮೊದಲ ಬಣ್ಣ, ಎಂಜಿನಿನ ಸಂಖ್ಯೆ ಇವನ್ನು ದೃಢಪಡಿಸುವ ಪ್ರಮಾಣಪತ್ರ ಇಂಗ್ಲೆಂಡಿನ ಗೇಡನ್ನಿನಲ್ಲಿರುವ ಬ್ರಿಟಿಷ್ ಮೋಟಾರು ವಸ್ತುಸಂಗ್ರಹಾಲಯದಿಂದ ದೊರೆಯುತ್ತದೆ. ನಮ್ಮ ಕೇಂದ್ರ ಸರ್ಕಾರವು 2021ರಲ್ಲಿ ಮಾಡಿದ ನಿಯಮದಂತೆ, ಐವತ್ತು ವರ್ಷ ಮೀರಿ ಮೂಲರೂಪದಲ್ಲಿ ಉಳಿದ ಗಾಡಿಯನ್ನು 'ವಿ.ಎ.' ಅಕ್ಷರಗಳಿರುವ ಸಂಖ್ಯೆಯಡಿ ನೋಂದಾಯಿಸಬಹುದು. ಹೊಸ ನೋಂದಣಿಯ ಶುಲ್ಕ 20,000 ರೂಪಾಯಿ, ಅವಧಿ 10 ವರ್ಷ. ಮಾರಾಟವಾದರೆ 90 ದಿನಗಳೊಳಗೆ ಇಬ್ಬರೂ ಸಾರಿಗೆ ಅಧಿಕಾರಿಗಳಿಗೆ ತಿಳಿಸಬೇಕು.

ಇದೇ ನಿಯಮದಲ್ಲಿ ಇನ್ನೊಂದು ಮಾತಿದೆ. ಹೀಗೆ ನೋಂದಾಯಿಸಿದ ಗಾಡಿಯನ್ನು ನಿತ್ಯದ ಸಂಚಾರಕ್ಕೆ ಬಳಸಕೂಡದು. ಪ್ರದರ್ಶನಕ್ಕೂ ರ‍್ಯಾಲಿಗೂ ದುರಸ್ತಿಗೂ ಪೆಟ್ರೋಲಿಗೂ ಮಾತ್ರ ರಸ್ತೆಗಿಳಿಸಬಹುದು. ದೂರಪ್ರಯಾಣಕ್ಕೆಂದೇ ಹುಟ್ಟಿದ ಕಾರು, ಘಟ್ಟದ ಬಾಗಿಲಿನಲ್ಲಿಯೇ ನಿಂತಿದ್ದರೂ, ಇಷ್ಟ ಬಂದಾಗಲೆಲ್ಲ ಘಟ್ಟ ಹತ್ತುವಂತಿಲ್ಲ! ಹಾಗೆಂದು ಅದನ್ನು ಕೊಟ್ಟಿಗೆಯಲ್ಲಿ ಹೊದಿಸಿ ಇಡುವುದೂ ತರವಲ್ಲ. ನಿಂತ ಗಾಡಿಯಲ್ಲಿ ಪೆಟ್ರೋಲು ಅಂಟಾಗುತ್ತದೆ, ಬ್ರೇಕಿನ ದ್ರವ ತೇವ ಹೀರುತ್ತದೆ, ಟಯರು ಬಿರುಕುಬಿಡುತ್ತದೆ. ಓಡಿ ಸವೆಯುವುದಕ್ಕಿಂತ ನಿಂತು ಕೆಡುವುದೇ ಹೆಚ್ಚು.

ಆದಕಾರಣ ಸುಸ್ಥಿತಿಯೆಂಬುದು ಮಾರಾಟದ ದಿನ ಹಸ್ತಾಂತರವಾಗಿ ಮುಗಿಯುವ ಗುಣವಲ್ಲ. ಹಿಂದಿನವನು ತಿಂಗಳು ತಿಂಗಳೂ ಮಾಡುತ್ತ ಬಂದ ಕೆಲಸಕ್ಕೆ ಅದು ಇನ್ನೊಂದು ಹೆಸರು. ಅವನ ದುಡಿಮೆಗೆ ತಕ್ಕ ಬೆಲೆ ಕೊಡಲು ಹಿಂಜರಿಯಬೇಕಾಗಿಲ್ಲ. ಆದರೆ ನಿಯಮ ಬಿಟ್ಟಷ್ಟು ದಾರಿಯನ್ನಾದರೂ ತಪ್ಪದೆ ಓಡಿಸುವ ವ್ಯವಧಾನ, ನಂಬಿಕೆಯ ಒಬ್ಬ ಮೇಸ್ತ್ರಿ, ಅವನ ವಿದ್ಯೆಯನ್ನು ಕಲಿಯುವ ಒಬ್ಬ ಹುಡುಗ ಇವು ತನಗಿವೆಯೆ ಎಂದು ಕೊಳ್ಳುವವನು ಮೊದಲು ಕೇಳಿಕೊಳ್ಳಲಿ. ಇಲ್ಲವಾದರೆ ಆ ಗಾಡಿಯನ್ನು ಇವು ಇರುವವನಿಗೆ ಬಿಟ್ಟುಕೊಡುವುದೇ ಅವನು ಅದಕ್ಕೆ ಮಾಡಬಹುದಾದ ಉಪಕಾರ.