ಎಲ್ಲಿ ಓದಿದೆ ಅಂತ ಕೇಳದ ಪರೀಕ್ಷೆ

(ಟೋರ್ಸ್‌ಲಾಂಡದಲ್ಲಿ ನಡೆದ ನಮ್ಮ ರಾಜ್ಯೋತ್ಸವ ಕೂಟದಲ್ಲಿ ಆಡಿದ ಮಾತುಗಳ ಬರಹರೂಪ)

 

ಕೂಟದವರು ಫೋನ್ ಮಾಡಿ, "ಕರೆಂಟ್ ಕೆಲಸ ಮಾಡ್ಕೊಂಡೇ ಅಕೌಂಟ್ಸ್ ಪರೀಕ್ಷೆ ಪಾಸ್ ಮಾಡಿದೀರಂತೆ, ಅದರ ಬಗ್ಗೆ ಹದಿನೈದು ನಿಮಿಷ ಮಾತಾಡಿ" ಅಂದರು. ನಾನು ಭಾಷಣಗಾರ ಅಲ್ಲ. ತಿಪಟೂರು ಕಡೆಯವನು, ಸರ್ಕಾರಿ ಐಟಿಐನಲ್ಲಿ ಎರಡು ವರ್ಷ ಎಲೆಕ್ಟ್ರಿಷಿಯನ್ ಟ್ರೇಡ್ ಮುಗಿಸಿದವನು. ಬಿಕಾಂ ಓದಿದವರು ಇಲ್ಲಿ ತುಂಬಾ ಜನ ಇದ್ದೀರಿ, ತಪ್ಪಿದ್ದರೆ ಆಮೇಲೆ ಊಟದ ಹೊತ್ತಿಗೆ ತಿದ್ದಿ.

ಮೊದಲು, ಇದು ಯಾಕೆ ಬೇಕಾಯಿತು ಅಂತ ಹೇಳ್ತೀನಿ. ಈ ದೇಶದಲ್ಲಿ ನಾನು ಮೊದಲು ಸೇರಿದ್ದು ಒಂದು ಸಣ್ಣ ಗುತ್ತಿಗೆ ಕಂಪನಿ. ಕೈತುಂಬಾ ಕೆಲಸ ಇತ್ತು, ಶನಿವಾರವೂ ಬಿಡುವಿರಲಿಲ್ಲ. ಒಂದು ದಿನ ಬಾಗಿಲು ಹಾಕಿತು. ಇಷ್ಟು ಕೆಲಸ ಇದ್ದ ಕಂಪನಿ ಮುಳುಗಿದ್ದು ಹೇಗೆ ಅಂತ ನಮಗ್ಯಾರಿಗೂ ಅರ್ಥವಾಗಲಿಲ್ಲ. ಕೆಲಸದ ಪರವಾನಗಿ ಮೇಲೆ ಬಂದವರಿಗೆ ಆಗ ಹೊಸ ಕೆಲಸ ಹುಡುಕಲು ಇದ್ದದ್ದು ಮೂರೇ ತಿಂಗಳು. ಆ ಮೂರು ತಿಂಗಳು ರಾತ್ರಿ ನಿದ್ದೆ ಹೇಗಿರುತ್ತೆ ಅಂತ ಇಲ್ಲಿ ಕೂತಿರುವ ಕೆಲವರಿಗಾದರೂ ಗೊತ್ತು. ಕೆಲಸ ಸಿಕ್ಕಿತು, ದೇವರು ದೊಡ್ಡವನು. ಆದರೆ ಲಾಭ ಇದ್ದೂ ಕೈಯಲ್ಲಿ ಕಾಸಿಲ್ಲದೆ ಕಂಪನಿ ಸಾಯಬಹುದಾ ಅನ್ನುವ ಪ್ರಶ್ನೆ ತಲೆಯಲ್ಲಿ ಉಳಿಯಿತು. ಅದಕ್ಕೆ ಉತ್ತರ ಲೆಕ್ಕಶಾಸ್ತ್ರದಲ್ಲಿದೆ.

ಈಗ ಪರೀಕ್ಷೆಯ ವಿಷಯ. ಸ್ವೀಡನ್ನಿನ ವಯಸ್ಕರ ಶಿಕ್ಷಣ ಕೊಮ್‌ವುಕ್ಸ್ ನಿಮಗೆಲ್ಲ ಗೊತ್ತು, 1968ರಿಂದ ಇದೆ. ಎಸ್‌ಎಫ್‌ಐ ಸ್ವೀಡಿಷ್ ಕಲಿಯೋಕೆ ಹೋಗ್ತೀವಲ್ಲ, ಅದೇ ವ್ಯವಸ್ಥೆ. ಆದರೆ ಅದರಲ್ಲಿ 'ಪ್ರೋವ್ನಿಂಗ್' ಅಂತ ಒಂದು ಬಾಗಿಲಿದೆ. ತುಂಬಾ ಜನ ಅದನ್ನು ನೋಡಿಲ್ಲ. ತರಗತಿಗೆ ಹೋಗದೆ, ಸ್ವಂತವಾಗಿ ಓದಿಕೊಂಡು, ಪರೀಕ್ಷೆ ಕೊಟ್ಟು ಗ್ರೇಡ್ ತೆಗೆದುಕೊಳ್ಳುವ ದಾರಿ ಅದು. ತರಗತಿಗೆ ಹೋದವರಿಗೆ ಸಿಗುವ ಗ್ರೇಡೇ ನಿಮಗೂ ಸಿಗುತ್ತೆ: ಎ ಇಂದ ಇ ವರೆಗೆ ಪಾಸ್, ಎಫ್ ಅಂದರೆ ಫೇಲ್. ಶುಲ್ಕ ಹೆಚ್ಚೆಂದರೆ 500 ಕ್ರೋನರ್. ನಮ್ಮೂರ ಟೈಪಿಂಗ್ ಪರೀಕ್ಷೆ ನೆನಪು ಮಾಡಿಕೊಳ್ಳಿ. ಯಾವ ಇನ್‌ಸ್ಟಿಟ್ಯೂಟಿನಲ್ಲಿ ಕುಟ್ಟಿದೆ ಅಂತ ಯಾರೂ ಕೇಳಲ್ಲ, ಪರೀಕ್ಷೆಯ ದಿನ ಬೆರಳು ಓಡಬೇಕು, ಅಷ್ಟೇ.

ಬೇರೆ ದೇಶಗಳಲ್ಲೂ ಇಂಥದ್ದಿದೆ. ಅಮೆರಿಕದಲ್ಲಿ ಕ್ಲೆಪ್ ಅಂತ ಪರೀಕ್ಷೆಗಳಿವೆ. ಫೈನಾನ್ಷಿಯಲ್ ಅಕೌಂಟಿಂಗ್ ಪತ್ರಿಕೆಗೆ 90 ನಿಮಿಷ, ಪಾಸಾದರೆ ಅದನ್ನು ಒಪ್ಪುವ ಕಾಲೇಜುಗಳು ಕ್ರೆಡಿಟ್ ಕೊಡುತ್ತವೆ. ನಮ್ಮ ದೇಶದಲ್ಲಿ 1989ರಲ್ಲಿ ಶುರುವಾದ ರಾಷ್ಟ್ರೀಯ ಮುಕ್ತ ಶಾಲೆ, ಈಗಿನ ಎನ್‌ಐಓಎಸ್, ಹನ್ನೆರಡನೇ ತರಗತಿಯ ಮಟ್ಟದಲ್ಲಿ ಲೆಕ್ಕಶಾಸ್ತ್ರ ಇಟ್ಟಿದೆ. ಊರಲ್ಲಿರುವ ತಮ್ಮಂದಿರಿಗೆ ಹೇಳಿ.

ನಾನು ಬರೆದದ್ದು 'ಫೊರೆತಾಗ್ಸ್‌ಎಕೊನೊಮಿ 1', ಅಂದರೆ ವ್ಯವಹಾರದ ಲೆಕ್ಕ ಮತ್ತು ಹಣಕಾಸು, 100 ಪಾಯಿಂಟಿನದು. ಈಗ 'ರೆದೊವಿಸ್ನಿಂಗ್', ಅಂದರೆ ಲೆಕ್ಕಪತ್ರಕ್ಕೆ ಓದ್ತಾ ಇದ್ದೀನಿ. 2025ರ ಜುಲೈನಿಂದ ಕೋರ್ಸ್ ಅನ್ನುವುದರ ಬದಲು ವಿಷಯ ಮತ್ತು ಅದರ ಮಟ್ಟಗಳು ಬಂದಿವೆ, ಅರ್ಜಿ ಹಾಕುವಾಗ ಈಗಿನ ಹೆಸರು ನೋಡಿಕೊಳ್ಳಿ.

ತಯಾರಿ ಹೇಗೆ? ಪುಸ್ತಕ ಕೊಳ್ಳುವ ಮುಂಚೆ ಎರಡು ಕೆಲಸ ಮಾಡಿ. ಒಂದು, ಸ್ಕೂಲ್‌ವೆರ್ಕೆಟ್ ಅವರ ಪಠ್ಯಕ್ರಮ ಬಿಟ್ಟಿಯಾಗಿ ಸಿಗುತ್ತೆ, ಅದನ್ನು ಇಳಿಸಿಕೊಳ್ಳಿ. ಯಾವ ಗ್ರೇಡಿಗೆ ಏನು ಗೊತ್ತಿರಬೇಕು ಅಂತ ಅದರಲ್ಲೇ ಬರೆದಿರುತ್ತೆ. ಎರಡು, ಪರೀಕ್ಷೆ ನಡೆಸುವ ಶಾಲೆಯ ಮೇಷ್ಟ್ರಿಗೆ ಬರೆದು ಕೇಳಿ: ಯಾವ ಪುಸ್ತಕ, ಬರೆಯುವ ಪರೀಕ್ಷೆ ಒಂದೇನಾ, ಬಾಯಿಮಾತಿನ ಪರೀಕ್ಷೆಯೂ ಇದೆಯಾ, ಮನೆಯಲ್ಲಿ ಮಾಡಿಕೊಂಡು ಹೋಗುವ ಕೆಲಸ ಏನಾದರೂ ಇದೆಯಾ? ಶಾಲೆಯಿಂದ ಶಾಲೆಗೆ ಇದು ಬೇರೆ. ಇಡೀ ಪಠ್ಯದಿಂದ ಪ್ರಶ್ನೆ ಬರುತ್ತೆ, ಹಾಗಾಗಿ ಅರ್ಧ ಓದಿ ಹೋಗೋದು ನಡೆಯಲ್ಲ.

ಆಮೇಲೆ ಲೆಕ್ಕ. ನಾವು ಎಲೆಕ್ಟ್ರಿಷಿಯನ್‌ಗಳು ಹೆದರಬೇಕಾದ್ದೇನೂ ಇಲ್ಲ. ಕಿರ್ಚಾಫ್ ನಿಯಮ ಐಟಿಐನಲ್ಲೇ ಓದಿದೀವಿ: ಒಂದು ಜಂಕ್ಷನ್ನಿಗೆ ಒಳಗೆ ಬಂದಷ್ಟೇ ಕರೆಂಟ್ ಹೊರಗೆ ಹೋಗಬೇಕು. ಜೋಡಿ ನಮೂದು ಅಂದರೂ ಅದೇ. ಡೆಬಿಟ್ ಎಷ್ಟೋ ಕ್ರೆಡಿಟ್ ಅಷ್ಟು. 1494ರಲ್ಲಿ ವೆನಿಸ್ಸಿನಲ್ಲಿ ಲೂಕಾ ಪಾಚಿಯೋಲಿ ಅನ್ನುವ ಸನ್ಯಾಸಿ ಅಚ್ಚು ಹಾಕಿಸಿದ ಪುಸ್ತಕದಲ್ಲಿರುವ ಪದ್ಧತಿಯೇ ಇವತ್ತಿಗೂ ನಡೀತಿದೆ.

ಇಲ್ಲಿ ಖಾತೆಗಳಿಗೆ ನಂಬರ್ ಇದೆ, ಅದಕ್ಕೆ ಬಾಸ್ ಖಾತೆಪಟ್ಟಿ ಅಂತಾರೆ. 1ರಿಂದ ಶುರುವಾದರೆ ಆಸ್ತಿ, 2 ಸ್ವಂತ ಬಂಡವಾಳ ಮತ್ತು ಸಾಲ, 3 ಆದಾಯ, 4ರಿಂದ 7 ಖರ್ಚು, 8 ಬಡ್ಡಿ ಮುಂತಾದ ಹಣಕಾಸಿನ ಬಾಬ್ತು. ಪ್ಯಾನೆಲ್ ಬೋರ್ಡಿನಲ್ಲಿ ವೈರಿಗೆ ನಂಬರ್ ಹಾಕಿದ ಹಾಗೆ.

ಒಂದು ಉದಾಹರಣೆ ನೋಡಿ. 8,000 ಕ್ರೋನರಿನ ಕೇಬಲ್ ಸಾಲಕ್ಕೆ ತಂದೆ. ಮೊಮ್ಸ್ ತೆರಿಗೆ 25 ಪರ್ಸೆಂಟ್, ಅಂದರೆ 2,000. ಬಿಲ್ಲು 10,000. ಮಾಲಿನ ಖಾತೆ 4010ಕ್ಕೆ 8,000 ಡೆಬಿಟ್, ನಾನು ಕೊಟ್ಟ ಮೊಮ್ಸ್ 2641ಕ್ಕೆ 2,000 ಡೆಬಿಟ್, ಅಂಗಡಿಯವನಿಗೆ ಕೊಡಬೇಕಾದ ಬಾಕಿ 2440ಕ್ಕೆ 10,000 ಕ್ರೆಡಿಟ್. ಕೆಲಸ ಮುಗಿಸಿ ಗಿರಾಕಿಗೆ 20,000ಕ್ಕೆ ಮೊಮ್ಸ್ 5,000 ಸೇರಿಸಿ 25,000ದ ಬಿಲ್ ಕೊಟ್ಟೆ. ಗಿರಾಕಿಯ ಬಾಕಿ 1510ಕ್ಕೆ 25,000 ಡೆಬಿಟ್, ಮಾರಾಟ 3001ಕ್ಕೆ 20,000, ಮೊಮ್ಸ್ 2611ಕ್ಕೆ 5,000 ಕ್ರೆಡಿಟ್. ಸರ್ಕಾರಕ್ಕೆ ಕಟ್ಟಬೇಕಾದ್ದು 5,000ದಲ್ಲಿ 2,000 ಕಳೆದು 3,000.

ಈಗ ಗಮನಿಸಿ. ಪುಸ್ತಕದಲ್ಲಿ 12,000 ಉಳಿತಾಯ ಕಾಣುತ್ತೆ. ಆದರೆ ಗಿರಾಕಿ ಇನ್ನೂ ದುಡ್ಡು ಕೊಟ್ಟಿಲ್ಲ. ಬ್ಯಾಂಕ್ ಖಾತೆ 1930ಕ್ಕೆ ಒಂದು ಕ್ರೋನಾ ಬಂದಿಲ್ಲ. ಅಂಗಡಿಯವನಿಗೆ 10,000, ತೆರಿಗೆಗೆ 3,000, ಮೇಲೆ ಹುಡುಗರ ಸಂಬಳ. ಕೆಲಸ ಇದ್ದೂ ಕಂಪನಿ ಮುಳುಗೋದು ಹೀಗೆ. ಈ ಪುಟ ಅರ್ಥವಾದ ರಾತ್ರಿ ನಾನು ಪುಸ್ತಕ ಮುಚ್ಚಿ ಸುಮ್ಮನೆ ಸ್ವಲ್ಪ ಹೊತ್ತು ಕೂತಿದ್ದೆ.

ಪರೀಕ್ಷೆಯಲ್ಲಿ ಸಾಮಾನ್ಯವಾಗಿ ಸಿಕ್ಕಿಹಾಕಿಸುವ ಮೂರು ಜಾಗ ಹೇಳ್ತೀನಿ.

ಮೊದಲನೆಯದು ಮೊಮ್ಸ್. ತೆರಿಗೆ ಸೇರಿದ ಮೊತ್ತ ಕೊಟ್ಟರೆ ಅದರ 25 ಪರ್ಸೆಂಟ್ ತೆಗೀಬೇಡಿ, 20 ಪರ್ಸೆಂಟ್ ತೆಗೀರಿ. 10,000ದಲ್ಲಿ 2,000.

ಎರಡನೆಯದು ಮೂರು ಮಾತುಗಳು: 'ಉತ್‌ಯಿಫ್ಟ್', 'ಉತ್‌ಬೆತಾಲ್ನಿಂಗ್', 'ಕೋಸ್ಟ್‌ನಾದ್'. ನಾವು ಮೂರಕ್ಕೂ ಖರ್ಚು ಅಂದುಬಿಡ್ತೀವಿ. ಕೇಬಲ್ ನವೆಂಬರ್‌ನಲ್ಲಿ ಕೊಂಡದ್ದು ಮೊದಲನೆಯದು. ಡಿಸೆಂಬರ್‌ನಲ್ಲಿ ಬಿಲ್ ಕಟ್ಟಿದ್ದು ಎರಡನೆಯದು. ಜನವರಿಯಲ್ಲಿ ಆ ಕೇಬಲ್ ಎಳೆದದ್ದು ಮೂರನೆಯದು. ಯಾವ ತಿಂಗಳ ಲಾಭದಲ್ಲಿ ಕಳೆಯಬೇಕು ಅನ್ನೋದು ಇದರ ಮೇಲೆ ನಿಂತಿದೆ.

ಮೂರನೆಯದು ತಾಳೆ ಪಟ್ಟಿ. ಎರಡೂ ಕಡೆ ಮೊತ್ತ ಸರಿ ಬಂತು ಅಂತ ಪೆನ್ನು ಕೆಳಗಿಡಬೇಡಿ. ಫೇಸು ನ್ಯೂಟ್ರಲ್ ಅದಲು ಬದಲಾದರೂ ಬಲ್ಬ್ ಉರಿಯುತ್ತೆ, ಹೌದಲ್ವಾ? ಹಾಗೇ ಬೇರೆ ಖಾತೆಗೆ ಬರೆದರೂ ಮೊತ್ತ ತಾಳೆ ಆಗುತ್ತೆ. ಒಂದೊಂದು ಬಿಲ್ಲನ್ನೂ ಖಾತೆಗೆ ಹಿಡಿದು ನೋಡಬೇಕು.

ಹಣಕಾಸಿನ ಭಾಗ ಸೂತ್ರ ಉರು ಹೊಡೆದರೆ ಬರಲ್ಲ, ನಿಮ್ಮದೇ ವ್ಯವಹಾರ ಅಂದುಕೊಂಡು ಮಾಡಿ. ವ್ಯಾನು, ವಿಮೆ, ಬಾಡಿಗೆ ಸೇರಿ ವರ್ಷಕ್ಕೆ 2,40,000 ಸ್ಥಿರ ಖರ್ಚು ಅಂತಿಟ್ಟುಕೊಳ್ಳಿ. ಒಂದು ಕೆಲಸಕ್ಕೆ 3,000 ಸಿಗುತ್ತೆ, ಅದರಲ್ಲಿ ಮಾಲು, ಓಡಾಟಕ್ಕೆ 1,800 ಹೋಗುತ್ತೆ, 1,200 ಉಳಿಯುತ್ತೆ. 2,40,000ವನ್ನು 1,200ರಿಂದ ಭಾಗಿಸಿ, 200. ಇನ್ನೂರನೇ ಕೆಲಸದವರೆಗೆ ಲಾಭವಿಲ್ಲ, ನಂತರವೇ ಲಾಭ. ಇದನ್ನೇ ಇಲ್ಲಿ 'ನೊಲ್‌ಪುಂಕ್ಟ್' ಅಂತಾರೆ. ಸ್ವಂತ ಕೆಲಸ ಶುರು ಮಾಡ್ತೀನಿ ಅನ್ನುವವರು ಈ ಒಂದು ಲೆಕ್ಕ ಮಾಡದೆ ವ್ಯಾನ್ ಕೊಳ್ಳಬೇಡಿ. ಎಲೆಕ್ಟ್ರಿಕ್ ಕಂಪನಿಗೆ ಎಲ್‌ಸೇಕರ್‌ಹೆಟ್ಸ್‌ವೆರ್ಕೆಟ್‌ನಲ್ಲಿ ನೋಂದಣಿ ಬೇಕು, ಅದೂ ನೆನಪಿರಲಿ. ಕೆಲಸದ ಪರವಾನಗಿ ಮೇಲಿರುವವರು ಮೊದಲು ವಲಸೆ ಕಚೇರಿಯಲ್ಲಿ ಕೇಳಿಕೊಳ್ಳಿ.

ಭಾಷೆ ಕಷ್ಟ, ಸುಳ್ಳು ಹೇಳಲ್ಲ. ಲೆಕ್ಕಕ್ಕಿಂತ ಸ್ವೀಡಿಷೇ ನನ್ನ ಸಮಯ ಜಾಸ್ತಿ ತಿಂದಿದ್ದು. ನಾನು ಒಂದು ನೋಟ್‌ಬುಕ್ಕಿನಲ್ಲಿ ಎಡಕ್ಕೆ ಸ್ವೀಡಿಷ್ ಮಾತು, ಬಲಕ್ಕೆ ಕನ್ನಡ ಬರೆದೆ. 'ಬಾಲಾನ್ಸ್‌ರೇಕ್ನಿಂಗ್' ಎದುರು ಅಢಾವೆ ಪತ್ರಿಕೆ, 'ಕುಂದ್‌ಫೊರ್ದ್ರಿಂಗಾರ್' ಎದುರು ಗಿರಾಕಿ ಬಾಕಿ. ತಿಪಟೂರಿನ ಕೊಬ್ಬರಿ ಮಂಡಿಯಲ್ಲಿ ಗುಮಾಸ್ತರು ಜಮಾ-ಖರ್ಚು ಬರೆಯೋದನ್ನು ನೋಡಿ ಬೆಳೆದವನು ನಾನು. ಕನ್ನಡದ ಹೆಸರು ಸಿಕ್ಕ ತಕ್ಷಣ ಹೆದರಿಕೆ ಅರ್ಧ ಇಳಿಯಿತು.

ಸಮಯದ ಬೆಲೆಯೂ ಇದೆ. ಪ್ರೋವ್ನಿಂಗ್‌ಗೆ ಸಿಎಸ್‌ಎನ್ ಸಹಾಯಧನ ಸಿಗಲ್ಲ. ಐದು ತಿಂಗಳು ನಾನು ವಾರಕ್ಕೆ ಎರಡು ಸಂಜೆಯ ಓವರ್‌ಟೈಮ್ ಬಿಟ್ಟೆ. ಊರಿಗೆ ಹೋಗುವ ದುಡ್ಡು ಕಮ್ಮಿ ಆಯ್ತು. ಅಪ್ಪ ಫೋನಿನಲ್ಲಿ, "ಯಾಕಪ್ಪ, ಕೆಲಸ ಗಿಲಸ ಹೋಯ್ತಾ?" ಅಂತ ಕೇಳಿದರು. "ಇಲ್ಲಪ್ಪ, ಓದ್ತಾ ಇದ್ದೀನಿ" ಅಂದೆ. ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, "ಓದು, ಇಲ್ಲಿ ಹೆಂಗೋ ಆಗುತ್ತೆ" ಅಂದರು. ಮನೆಯವರಿಗೆ ಮುಂಚೆಯೇ ಹೇಳಿ ಒಪ್ಪಿಸಿ ಅನ್ನೋದು ನನ್ನ ಸಲಹೆ. ರಾತ್ರಿಪಾಳಿ ಮುಗಿಸಿ ಬಂದು ಓದಬೇಡಿ, ತಲೆಗೆ ಹತ್ತಲ್ಲ. ದಿನಾ ಒಂದು ಗಂಟೆ, ಐದು ಬಿಲ್ಲು ಕೈಯಲ್ಲಿ ಬರೆದು ಮಾಡಿ. ವಿಡಿಯೋ ನೋಡಿದರೆ ಗೊತ್ತಾದ ಹಾಗೆ ಅನಿಸುತ್ತೆ, ಪೆನ್ನು ಹಿಡಿದಾಗಲೇ ನಿಜ ತಿಳಿಯೋದು.

ಗ್ರೇಡ್ ಬಂದರೆ ಏನು ಲಾಭ? ವೃತ್ತಿ ಉನ್ನತ ಶಿಕ್ಷಣದಲ್ಲಿ ಲೆಕ್ಕಿಗರ ಕೋರ್ಸಿಗೆ ಹೆಚ್ಚಾಗಿ ಈ ವಿಷಯ ಕೇಳ್ತಾರೆ. ನಮ್ಮ ಕೆಲಸದಲ್ಲೇ ಏಣಿ ಬಿಟ್ಟು ಅಂದಾಜುಪಟ್ಟಿ ಹಾಕುವ ಕುರ್ಚಿಗೆ ಹೋಗೋಕೆ ಒಂದು ಕಾಗದ ಆಗುತ್ತೆ. ಮಂಡಿಚಿಪ್ಪು ಇಪ್ಪತ್ತು ವರ್ಷ ಇದೇ ಥರ ಇರಲ್ಲ, ಗೆಳೆಯರೇ.

ಇನ್ನೊಂದು ಲಾಭಕ್ಕೆ ಗ್ರೇಡೂ ಬೇಡ. ಇಲ್ಲಿ ಪ್ರತಿ ಆಕ್ಟಿಯೆಬೊಲಾಗ್ ಕಂಪನಿಯೂ ವರ್ಷದ ಲೆಕ್ಕವನ್ನು ಬೊಲಾಗ್ಸ್‌ವೆರ್ಕೆಟ್‌ಗೆ ಕೊಡಬೇಕು, ಅದನ್ನು ಯಾರು ಬೇಕಾದರೂ ನೋಡಬಹುದು. ಹೊಸ ಕೆಲಸಕ್ಕೆ ಸಹಿ ಹಾಕುವ ಮುಂಚೆ ಆ ಕಂಪನಿಯ ಅಢಾವೆ ಪತ್ರಿಕೆ ತೆಗೀರಿ. ಒಟ್ಟು ಆಸ್ತಿಯಲ್ಲಿ ಸ್ವಂತ ಬಂಡವಾಳ ಎಷ್ಟು ಪಾಲು, ಗಿರಾಕಿ ಬಾಕಿ ವರ್ಷದಿಂದ ವರ್ಷಕ್ಕೆ ಉಬ್ಬುತ್ತಾ ಇದೆಯಾ, ಬ್ಯಾಂಕಿನಲ್ಲಿ ಎಷ್ಟಿದೆ, ಈ ಮೂರು ಸಾಲು ನೋಡಿ. ನಮ್ಮ ಪರವಾನಗಿ, ನಮ್ಮ ಮಕ್ಕಳ ಶಾಲೆ ಆ ಮೂರು ಸಾಲಿನ ಮೇಲೆ ನಿಂತಿರುತ್ತೆ. ಈಗಿನ ಕೆಲಸಕ್ಕೆ ಸೇರುವ ಮುಂಚೆ ನಾನು ನೋಡಿದೆ.

1902ರಲ್ಲಿ ಲುಂಡ್ ಊರಿನಲ್ಲಿ ಆಸ್ಕರ್ ಓಲ್ಸನ್ ಅನ್ನುವವರು ಓದುಕೂಟ ಶುರು ಮಾಡಿದರು. ಒಂದು ಮೇಜು, ಕೆಲವು ಪುಸ್ತಕ, ದುಡಿದು ಬಂದ ಜನ, ಅಷ್ಟೇ. ಈ ದೇಶದ ಕೆಲಸಗಾರರು ಹಾಗೆ ಓದಿ ಮೇಲೆ ಬಂದವರು. ನಾವೂ ಮಾಡಬಹುದು. ಭಾನುವಾರ ಮಧ್ಯಾಹ್ನ ಎರಡಕ್ಕೆ ಟೋರ್ಸ್‌ಲಾಂಡ ಗ್ರಂಥಾಲಯದಲ್ಲಿ ಕೂರ್ತೀನಿ. ಒಂದು ಪೆನ್ನು, ಒಂದು ಹಳೇ ಬಿಲ್ಲು ತನ್ನಿ. ಬಿಕಾಂ ಮಾಡಿ ಮನೆಯಲ್ಲಿ ಕೂತಿರುವ ಅಕ್ಕಂದಿರು ಬಂದರೆ ನಮಗೆ ಮೇಷ್ಟ್ರು ಸಿಕ್ಕ ಹಾಗೆ. ನೀವೂ ಅದೇ ಪರೀಕ್ಷೆ ಬರೆದು ಇಲ್ಲಿಯ ಗ್ರೇಡ್ ತೆಗೆದುಕೊಳ್ಳಬಹುದು.

 ಜೈ ಕರ್ನಾಟಕ ಮಾತೆ.